ಮೂತಿಯಲ್ಲ, ಬೆನ್ನು ನೋಡಿ

ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಕೋಣೆಯ ಲೈಟ್ ಆರಿಸುತ್ತೇನೆ. ಬೆಂಚಿನ ಆ ತುದಿಯಲ್ಲಿ ಒಂದು ಟಾರ್ಚ್ ಇಟ್ಟಿದ್ದೇನೆ. ಸಾಮಾನ್ಯ ಟಾರ್ಚ್, ಆದರೆ ಬೆಳಕು ಜೋರಾಗಿದೆ. ಹತ್ತು ನಿಮಿಷದ ಹಿಂದೆ ಇಲ್ಲೇ ಮಾಸ್ಕ್ ಹಾಕಿಕೊಂಡು ಒಂದು ಹಲಗೆಯನ್ನು ಸ್ಯಾಂಡರ್‌ನಿಂದ ಉಜ್ಜಿದೆ. ಬೇಕಂತಲೇ ಧೂಳೆಳೆಯುವ ಪೈಪ್ ಸಿಗಿಸಿರಲಿಲ್ಲ. ಈಗ ನೋಡಿ. ಬೆಳಗಿನ ಬಿಸಿಲುಕೋಲಿನಲ್ಲಿ ಕಾಣುವ ಹಾಗೆ ಎಷ್ಟು ಕಣಗಳು ತೇಲುತ್ತಿವೆ! ಲೈಟ್ ಹಾಕುತ್ತೇನೆ. ಏನೂ ಇಲ್ಲ, ಅಲ್ವಾ? ಕೋಣೆ ಚೊಕ್ಕಟವಾಗಿದೆ ಅಂತಲೇ ಅನ್ನಿಸುತ್ತದೆ.

ಈ ಟಾರ್ಚ್ ನನಗೆ ಒಂದು ದಿನ ದೊಡ್ಡ ಪಾಠ ಕಲಿಸಿತು. ಮೊದಲೆಲ್ಲ ನಾನು ಮನೆ ಗುಡಿಸುವ ಒಂದು ಸಾಧಾರಣ ವ್ಯಾಕ್ಯೂಮ್ ಕ್ಲೀನರನ್ನೇ ಸ್ಯಾಂಡರ್‌ಗೆ ಸಿಗಿಸಿ ಕೆಲಸ ಮಾಡುತ್ತಿದ್ದೆ. ಬೆಂಚಿನ ಮೇಲೆ ಪುಡಿ ಇರುತ್ತಿರಲಿಲ್ಲ, ನೆಲದ ಮೇಲೂ ಇರುತ್ತಿರಲಿಲ್ಲ. ಧೂಳಿನ ಸಮಸ್ಯೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಸಂಜೆ ಮೂಗು ಒರೆಸಿದರೆ ಬಟ್ಟೆಯೆಲ್ಲ ಕಂದು. ಒಂದು ರಾತ್ರಿ ಕತ್ತಲಲ್ಲಿ ಮೆಷಿನ್ ಆನ್ ಮಾಡಿ, ಗಾಳಿ ಹೊರಬರುವ ಹಿಂಬದಿಗೆ ಟಾರ್ಚ್ ಹಿಡಿದೆ. ಹೊಗೆ ಬಂದ ಹಾಗೆ ಧೂಳು ಬರುತ್ತಿತ್ತು. ಮುಂದಿನಿಂದ ಎಳೆದುಕೊಂಡದ್ದರಲ್ಲಿ ದಪ್ಪ ಪುಡಿಯನ್ನು ಮಾತ್ರ ಇಟ್ಟುಕೊಂಡು, ನಯವಾದದ್ದನ್ನು ಹಿಂದಿನಿಂದ ನನ್ನ ಮುಖದ ಮಟ್ಟಕ್ಕೆ ಊದುತ್ತಿತ್ತು.

ಅದಕ್ಕೇ ಇವತ್ತಿನ ಮಾತೆಲ್ಲ ಒಂದೇ ವಿಷಯದ ಸುತ್ತ. ಮರಗೆಲಸದ ಪವರ್ ಟೂಲ್‌ಗಳಿಗೆ ಒಂದು ಚಿಕ್ಕ, ಚಕ್ರ ಇರುವ, ಎಳೆದುಕೊಂಡು ಓಡಾಡಬಹುದಾದ ಡಸ್ಟ್ ಎಕ್ಸ್‌ಟ್ರ್ಯಾಕ್ಟರ್, ಅಂದರೆ ಧೂಳೆಳೆಯುವ ಮೆಷಿನ್, ತೆಗೆದುಕೊಳ್ಳುವಾಗ ಎಲ್ಲರೂ ಅದರ ಮೂತಿ ನೋಡುತ್ತಾರೆ. ಎಷ್ಟು ಜೋರಾಗಿ ಎಳೆಯುತ್ತದೆ, ಎಷ್ಟು ಹಾರ್ಸ್‌ಪವರ್ ಅಂತ ಕೇಳುತ್ತಾರೆ. ನೀವು ಮೊದಲು ಅದರ ಬೆನ್ನು ನೋಡಿ. ಹಿಂದಿನಿಂದ ಹೊರಗೆ ಬರುವ ಗಾಳಿ ಹೇಗಿದೆ ಅಂತ ಕೇಳಿ. ಉಳಿದದ್ದೆಲ್ಲ ಆಮೇಲೆ.

ಕಣ್ಣಿಗೆ ಕಾಣುವ ಹೊಟ್ಟು ನಿಮಗೆ ಅಷ್ಟು ಕೆಟ್ಟದ್ದು ಮಾಡುವುದಿಲ್ಲ. ಅದು ಭಾರ, ಕೆಳಗೆ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಕಣ, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಸಣ್ಣದು, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಅದರಲ್ಲೂ ತೀರಾ ಸಣ್ಣವು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಮರದ ಧೂಳನ್ನು ಮೊದಲನೇ ಗುಂಪಿಗೆ ಸೇರಿಸಿದೆ. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪು ಅದು. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. ಯುರೋಪಿಯನ್ ಒಕ್ಕೂಟದಲ್ಲಿ ಗಟ್ಟಿ ಮರದ ಧೂಳಿಗೆ 2023ರಿಂದ ಇರುವ ಮಿತಿ ಎಷ್ಟು ಗೊತ್ತಾ? ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ. ಒಂದು ಚಿಟಿಕೆಯಷ್ಟೂ ಅಲ್ಲ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಆದರೆ ಧೂಳು ಇನ್ನೂ ನಯ, ಜೊತೆಗೆ ಅಂಟಿನ ರಾಳವೂ ಸೇರಿರುತ್ತದೆ.

ಹಾಗಾದರೆ ಬೆನ್ನು ನೋಡುವುದು ಹೇಗೆ? ಯುರೋಪಿನಲ್ಲಿ ಈ ಮೆಷಿನ್‌ಗಳನ್ನು ಎಲ್, ಎಂ, ಎಚ್ ಅಂತ ಮೂರು ದರ್ಜೆ ಮಾಡುತ್ತಾರೆ. ಎಲ್ ದರ್ಜೆಯಲ್ಲಿ ಪರೀಕ್ಷೆಗೆ ಹಾಕಿದ ಧೂಳಿನಲ್ಲಿ ಶೇಕಡಾ 1ರವರೆಗೆ ದಾಟಿ ಹೋಗಬಹುದು. ಎಂ ದರ್ಜೆಯಲ್ಲಿ ಶೇಕಡಾ 0.1, ಎಚ್ ದರ್ಜೆಯಲ್ಲಿ ಶೇಕಡಾ 0.005. ಎಲ್‌ಗೂ ಎಂಗೂ ನಡುವೆ ಹತ್ತು ಪಟ್ಟು ವ್ಯತ್ಯಾಸ ಇದೆ. ಮರಗೆಲಸಕ್ಕೆ ನನ್ನ ಆಯ್ಕೆ ಎಂ. ಎಚ್ ದರ್ಜೆ ಇರುವುದು ಕಲ್ನಾರಿನಂಥ ಇನ್ನೂ ಭಯಂಕರ ಧೂಳಿಗೆ. ಸಿಕ್ಕರೆ ಬೇಡ ಅನ್ನುವುದಿಲ್ಲ, ಆದರೆ ಅದಕ್ಕಾಗಿ ಕಾಯಬೇಕಾಗಿಲ್ಲ.

ಎಂ ದರ್ಜೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರ ಅಲಾರಂ. ಪೈಪಿನೊಳಗೆ ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್‌ಗಿಂತ ಕೆಳಗೆ ಇಳಿದರೆ ಮೆಷಿನ್ ಕೂಗಿಕೊಳ್ಳುತ್ತದೆ. ಬ್ಯಾಗ್ ತುಂಬಿದೆ, ಫಿಲ್ಟರ್ ಕಟ್ಟಿದೆ, ಪೈಪಿನಲ್ಲಿ ಚಕ್ಕೆ ಸಿಕ್ಕಿಕೊಂಡಿದೆ, ಏನೋ ಒಂದು ಆಗಿದೆ ಅಂತ ಅರ್ಥ. ಕೆಲಸದಲ್ಲಿ ಮುಳುಗಿರುವವರಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ. ಕೆಲವರಿಗೆ ಆ ಶಬ್ದ ಕಿರಿಕಿರಿ. ನನಗೆ ಅದು ಪಕ್ಕದಲ್ಲಿ ನಿಂತು ಎಚ್ಚರಿಸುವ ಗೆಳೆಯನ ಹಾಗೆ.

ಇನ್ನು ಹೆಪಾ ಅನ್ನುವ ಪದ. ನಿಜವಾದ ಹೆಪಾ ಫಿಲ್ಟರ್ ಅಂದರೆ, ಅಮೆರಿಕದ ಲೆಕ್ಕದಲ್ಲಿ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು. ಡಬ್ಬದ ಮೇಲೆ 'ಹೆಪಾ ಮಾದರಿ' ಅಂತ ಬರೆದಿದ್ದರೆ ಅದು ಈ ಮಾತಲ್ಲ, ಸಂಖ್ಯೆ ಕೇಳಿ. ಇನ್ನೊಂದು ಮಾತು. ಫಿಲ್ಟರ್ ಎಷ್ಟೇ ಒಳ್ಳೆಯದಾದರೂ ಅದರ ಸುತ್ತ ಇರುವ ರಬ್ಬರ್ ಪಟ್ಟಿ ಸರಿಯಾಗಿ ಕೂರದಿದ್ದರೆ ಗಾಳಿ ಸಂದಿಯಿಂದ ನುಸುಳುತ್ತದೆ. ಅಗ್ಗದ ಮೆಷಿನ್‌ಗೆ ದುಬಾರಿ ಫಿಲ್ಟರ್ ಹಾಕಿಕೊಂಡು ನೆಮ್ಮದಿಯಾಗಿರಬೇಡಿ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಮುಚ್ಚಳದ ಅಂಚಿಗೆ ಟಾರ್ಚ್ ಹಿಡಿದಾಗ ಧೂಳು ಅಲ್ಲಿಂದ ಬರುತ್ತಿರುವುದು ಕಂಡಿತು.

ಸರಿ, ಬೆನ್ನಾಯಿತು. ಈಗ ಮೂತಿಯ ಕಡೆ ಬರೋಣ, ಯಾಕೆಂದರೆ ಅಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಡಬ್ಬದ ಮೇಲೆ ಎರಡು ದೊಡ್ಡ ಸಂಖ್ಯೆ ಇರುತ್ತವೆ. ಒಂದು, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಹರಿಯುತ್ತದೆ ಅನ್ನುವುದು. 3,500, 4,000 ಅಂತ ಬರೆದಿರುತ್ತಾರೆ. ಇನ್ನೊಂದು, ಎಳೆಯುವ ಒತ್ತಡ. ಈ ಎರಡೂ ಒಟ್ಟಿಗೆ ಸಿಗುವುದಿಲ್ಲ. ಹೆಚ್ಚಿನ ಹರಿವು ಸಿಗುವುದು ಏನೂ ಅಡ್ಡ ಇಲ್ಲದೆ ಬಾಯಿ ಪೂರ್ತಿ ತೆರೆದಿದ್ದಾಗ. ಹೆಚ್ಚಿನ ಒತ್ತಡ ಸಿಗುವುದು ಬಾಯಿ ಪೂರ್ತಿ ಮುಚ್ಚಿದಾಗ. ನಿಮ್ಮ ಕೆಲಸ ನಡೆಯುವುದು ಈ ಎರಡರ ನಡುವೆ ಎಲ್ಲೋ. ಆ ಜಾಗವನ್ನು ತೀರ್ಮಾನಿಸುವುದು ಮೋಟಾರ್ ಒಂದೇ ಅಲ್ಲ, ಪೈಪೂ ಹೌದು.

ಪೈಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ನನಗೆ ಬೇಸರ. ಚಿಕ್ಕ ಎಕ್ಸ್‌ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ 27 ಮಿಲಿಮೀಟರ್ ಅಥವಾ 36 ಮಿಲಿಮೀಟರ್ ಒಳ ಅಳತೆಯ ಪೈಪ್ ಇರುತ್ತದೆ. ನೋಡಲು ಒಂಬತ್ತೇ ಮಿಲಿಮೀಟರ್ ವ್ಯತ್ಯಾಸ. ಆದರೆ ಗಾಳಿ ಹೋಗುವ ಜಾಗ ಲೆಕ್ಕ ಹಾಕಿ. 36ರ ಪೈಪಿನಲ್ಲಿ ಅದು 27ರದ್ದಕ್ಕಿಂತ ಸುಮಾರು 1.8 ಪಟ್ಟು. ಸ್ಯಾಂಡರ್‌ಗೆ 27 ಸಾಕು. ಅಲ್ಲಿ ಧೂಳು ನಯ, ಪ್ರಮಾಣ ಕಡಿಮೆ, ಪೈಪ್ ಹಗುರವಾಗಿದ್ದರೆ ಕೈಗೂ ಸುಖ. ಗರಗಸ, ಮರದ ಅಂಚು ಕೊರೆಯುವ ರೂಟರ್, ಕೈಯಲ್ಲಿ ಹಿಡಿದು ಮರ ಹೆರೆಯುವ ಎಲೆಕ್ಟ್ರಿಕ್ ಪ್ಲೇನರ್, ಇವಕ್ಕೆ 36 ಬೇಕೇ ಬೇಕು. ಪ್ಲೇನರ್‌ನ ಚಕ್ಕೆ 27ರ ಪೈಪಿನಲ್ಲಿ ಸಿಕ್ಕಿಕೊಂಡು ಗಟ್ಟಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಬಿಡಿಸಲು ಅರ್ಧ ಗಂಟೆ.

ಮುಂಚೆ ಹೇಳಿದ ಸೆಕೆಂಡಿಗೆ 20 ಮೀಟರ್ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ವೇಗ ಉಳಿಯಬೇಕಾದರೆ 27ರ ಪೈಪಿನಲ್ಲಿ ನಿಮಿಷಕ್ಕೆ ಸುಮಾರು 700 ಲೀಟರ್ ಹರಿದರೆ ಸಾಕು. 36ರಲ್ಲಿ ಸುಮಾರು 1,200 ಬೇಕು. ಅದಕ್ಕೇ ಎಂ ದರ್ಜೆಯ ಮೆಷಿನ್‌ಗಳಲ್ಲಿ ಪೈಪಿನ ಅಳತೆ ಹೇಳುವ ಒಂದು ತಿರುಗುಣಿ ಇರುತ್ತದೆ. ಪೈಪ್ ಬದಲಿಸಿದಾಗ ಅದನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಅಲಾರಂ ತಪ್ಪು ಹೊತ್ತಿಗೆ ಕೂಗುತ್ತದೆ. ಪೈಪ್ ಉದ್ದವಾದಷ್ಟೂ ಗಾಳಿಗೆ ತಡೆ ಜಾಸ್ತಿ, ಆದ್ದರಿಂದ ಸುಮ್ನೆ ಉದ್ದದ್ದು ತೆಗೆದುಕೊಳ್ಳಬೇಡಿ. ಮತ್ತೆ, ಪೈಪ್ ಆಂಟಿಸ್ಟ್ಯಾಟಿಕ್ ಆಗಿರಲಿ. ಒಣ ಹವೆಯಲ್ಲಿ ಒಂದು ಗಂಟೆ ಉಜ್ಜಿದರೆ ಸಾಧಾರಣ ಪ್ಲಾಸ್ಟಿಕ್ ಪೈಪ್ ಚುರುಕ್ ಅಂತ ಕೈಗೆ ಶಾಕ್ ಹೊಡೆಯುತ್ತದೆ. ತಿರುಗುತ್ತಿರುವ ಗರಗಸ ಕೈಯಲ್ಲಿದ್ದಾಗ ಬೆಚ್ಚಿಬೀಳುವುದು ಬೇಡ.

ಈಗ ಬ್ಯಾಗ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಬ್ಯಾಗ್ ಹಾಕಿಯೇ ಕೆಲಸ ಮಾಡಿ. ಬ್ಯಾಗ್ ಖರ್ಚು ಉಳಿಸಬಹುದು, ಡಬ್ಬದಲ್ಲೇ ತುಂಬಿಸಿ ಸುರಿದರಾಯಿತು ಅನ್ನುವವರು ತುಂಬಾ ಜನ ಇದ್ದಾರೆ. ಇಡೀ ದಿನ ಅಷ್ಟು ಒಳ್ಳೆಯ ಫಿಲ್ಟರ್ ಹಿಡಿದಿಟ್ಟ ಧೂಳನ್ನು ಸಂಜೆ ಡಬ್ಬ ಬಗ್ಗಿಸಿ ಸುರಿಯುವಾಗ ಒಂದೇ ನಿಮಿಷದಲ್ಲಿ ಉಸಿರಿಗೆ ಎಳೆದುಕೊಂಡರೆ ಏನು ಬಂತು? ಬಟ್ಟೆಯಂಥ ಫ್ಲೀಸ್ ಬ್ಯಾಗ್ ಕಾಗದದ ಬ್ಯಾಗಿಗಿಂತ ಒಳ್ಳೆಯದು. ಸುಲಭಕ್ಕೆ ಹರಿಯುವುದಿಲ್ಲ, ತುಂಬುತ್ತ ಬಂದರೂ ಎಳೆತ ಅಷ್ಟು ಕುಗ್ಗುವುದಿಲ್ಲ. ಬ್ಯಾಗ್ ಇದ್ದರೆ ಮುಖ್ಯ ಫಿಲ್ಟರ್‌ಗೂ ಆಯಸ್ಸು ಜಾಸ್ತಿ. ದಿನವಿಡೀ ಪ್ಲೇನರ್ ಓಡಿಸುವವರಿಗೆ ಬ್ಯಾಗ್ ಬೇಗ ತುಂಬುತ್ತದೆ, ನಿಜ. ಅವರು ನಡುವೆ ಒಂದು ಸೈಕ್ಲೋನ್ ಡಬ್ಬ ಇಟ್ಟುಕೊಳ್ಳಲಿ. ದಪ್ಪ ಚಕ್ಕೆ ಅದರಲ್ಲೇ ಸುತ್ತಿ ಕೆಳಗೆ ಬೀಳುತ್ತದೆ, ಸ್ವಲ್ಪ ಎಳೆತ ಕಡಿಮೆಯಾಗುತ್ತದೆ ಅಷ್ಟೇ.

ಫಿಲ್ಟರ್ ತಾನಾಗಿ ಕೊಡವಿಕೊಳ್ಳುವ ವ್ಯವಸ್ಥೆ ಕೆಲವು ಮೆಷಿನ್‌ಗಳಲ್ಲಿ ಇರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಟಪ್ ಅಂತ ಗಾಳಿ ಹಿಮ್ಮುಖವಾಗಿ ಬಡಿಯುತ್ತದೆ. ಕಾಂಕ್ರೀಟ್, ಗಾರೆಯ ಧೂಳು ಎಳೆಯುವವರಿಗೆ ಅದು ಬೇಕೇ ಬೇಕು. ಬ್ಯಾಗ್ ಹಾಕಿಕೊಂಡು ಬರೀ ಮರದ ಕೆಲಸ ಮಾಡುವವರಿಗೆ ಅದಕ್ಕೆಂದೇ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ. ಕಂಪ್ರೆಸರ್ ಗಾಳಿಯಿಂದ ಫಿಲ್ಟರ್ ಊದಿ ಸ್ವಚ್ಛ ಮಾಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಫಿಲ್ಟರ್ ಹಾಳು, ಧೂಳೂ ಮತ್ತೆ ಗಾಳಿಗೆ.

ಮೆಷಿನ್ ಎಷ್ಟೇ ಒಳ್ಳೆಯದಾದರೂ ಆನ್ ಮಾಡದಿದ್ದರೆ ಏನು ಪ್ರಯೋಜನ? ಒಂದೇ ಒಂದು ಕಡಿತ ಇದೆ, ಎರಡು ನಿಮಿಷದ ಕೆಲಸ, ಬಿಡು ಅನ್ನಿಸುತ್ತದೆ. ಅಲ್ಲೇ ನಾವು ಧೂಳು ಕುಡಿಯುವುದು. ಅದಕ್ಕೇ ಆಟೋ ಸ್ಟಾರ್ಟ್ ಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಟೂಲ್‌ನ ಪ್ಲಗ್ಗನ್ನು ಎಕ್ಸ್‌ಟ್ರ್ಯಾಕ್ಟರ್ ಮೇಲಿನ ಸಾಕೆಟ್ಟಿಗೆ ಹಾಕುತ್ತೇವೆ. ಟೂಲ್ ಒತ್ತಿದರೆ ಇದೂ ಓಡುತ್ತದೆ, ಬಿಟ್ಟರೆ ಕೆಲವು ಸೆಕೆಂಡ್ ಓಡಿ, ಪೈಪಿನಲ್ಲಿ ಉಳಿದದ್ದನ್ನು ಎಳೆದುಕೊಂಡು ನಿಲ್ಲುತ್ತದೆ. ಬ್ಯಾಟರಿ ಟೂಲ್‌ಗಳಿಗೆ ಬ್ಲೂಟೂತ್ ಅಥವಾ ರಿಮೋಟ್ ಇರುವ ಮೆಷಿನ್‌ಗಳೂ ಇವೆ. ಆ ಸಾಕೆಟ್ ಎಷ್ಟು ವಾಟ್‌ವರೆಗೆ ತಡೆಯುತ್ತದೆ ಅಂತ ನೋಡಿಕೊಳ್ಳಿ. ಎರಡೂ ಸೇರಿ ಒಂದೇ ವೈರಿನಿಂದ ಕರೆಂಟ್ ಎಳೆಯುತ್ತವೆ.

ಸದ್ದಿನ ವಿಷಯವೂ ಇದೇ. ಜೋರಾಗಿ ಅರಚುವ ಮೆಷಿನ್ ಅನ್ನು ಯಾರೂ ದಿನವಿಡೀ ಓಡಿಸುವುದಿಲ್ಲ. 10 ಡೆಸಿಬೆಲ್ ಜಾಸ್ತಿಯಾದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ನಿಸುತ್ತದೆ. ಅಂಗಡಿಯಲ್ಲಿ ಆನ್ ಮಾಡಿಸಿ ಕೇಳಿ. ಐದು ನಿಮಿಷ ಅದರ ಪಕ್ಕ ನಿಂತು ಮಾತಾಡಿ ನೋಡಿ.

ಎಳೆತವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇರಲಿ. ಸ್ಯಾಂಡರ್‌ಗೆ ಪೂರ್ತಿ ಎಳೆತ ಕೊಟ್ಟರೆ ಅದು ಹಲಗೆಗೆ ಅಂಟಿಕೊಳ್ಳುತ್ತದೆ. ಕೈ ನೋಯುತ್ತದೆ, ಮರದ ಮೇಲೆ ಸುರುಳಿ ಸುರುಳಿ ಗೀರು ಬೀಳುತ್ತವೆ. ಪಾಲಿಶ್ ಹಚ್ಚಿದ ಮೇಲೆ ಆ ಗೀರುಗಳೇ ಎದ್ದು ಕಾಣುತ್ತವೆ. ಸ್ಯಾಂಡರ್ ಹಗುರವಾಗಿ ಜಾರುವಷ್ಟು ಇಳಿಸಿ, ಅದಕ್ಕಿಂತ ಕಡಿಮೆ ಬೇಡ.

ಈ ಚಿಕ್ಕ ಮೆಷಿನ್‌ನಿಂದ ಆಗದ ಕೆಲಸವನ್ನೂ ಹೇಳಿಬಿಡುತ್ತೇನೆ. ಮೇಜಿಗೆ ಕೂರಿಸಿದ ದೊಡ್ಡ ಗರಗಸ ಟೇಬಲ್ ಸಾ, ಹಲಗೆಯ ದಪ್ಪ ಇಳಿಸುವ ಥಿಕ್‌ನೆಸ್ ಪ್ಲೇನರ್, ಇವಕ್ಕೆ ಇದು ಸಾಲದು. ಅಲ್ಲಿ ಬೇಕಾಗಿರುವುದು ಒತ್ತಡಕ್ಕಿಂತ ಭಾರೀ ಹರಿವು, ದಪ್ಪ ಪೈಪ್. ಅದು ಬೇರೆಯೇ ಜಾತಿಯ ಮೆಷಿನ್. ಬ್ಯಾಟರಿಯಲ್ಲಿ ಓಡುವ ಪುಟ್ಟ ಎಕ್ಸ್‌ಟ್ರ್ಯಾಕ್ಟರ್‌ಗಳು ಕರೆಂಟ್ ಇಲ್ಲದ ಕಡೆ ಸ್ವಲ್ಪ ಹೊತ್ತಿನ ಕೆಲಸಕ್ಕೆ ಸರಿ. ಇನ್ನೊಂದು, ಕಬ್ಬಿಣ ಗ್ರೈಂಡ್ ಮಾಡುವಾಗ ಇದನ್ನು ಸಿಗಿಸಲೇಬೇಡಿ. ಒಂದು ಕಿಡಿ ಒಳಗೆ ಹೋಗಿ ಮರದ ಪುಡಿಯ ನಡುವೆ ಕೂತರೆ ಮೊದಲು ಏನೂ ಗೊತ್ತಾಗುವುದಿಲ್ಲ. ಕುಮುಲುತ್ತಾ ಇರುತ್ತದೆ. ನೀವು ಬಾಗಿಲು ಹಾಕಿಕೊಂಡು ಹೋದ ಮೇಲೆ ಹತ್ತಿಕೊಳ್ಳುತ್ತದೆ.

ಎಕ್ಸ್‌ಟ್ರ್ಯಾಕ್ಟರ್ ಬಂದ ಮೇಲೂ ನಾನು ಮಾಸ್ಕ್ ಬಿಟ್ಟಿಲ್ಲ. ರೂಟರ್ ಅಂಚು ಕೊರೆಯುವಾಗ ಚಕ್ಕೆ ಎತ್ತೆತ್ತಲೋ ಹಾರುತ್ತದೆ, ಯಾವ ಪೈಪೂ ಪೂರ್ತಿ ಹಿಡಿಯುವುದಿಲ್ಲ. ಎಫ್‌ಎಫ್‌ಪಿ2 ಅಥವಾ ಎನ್95 ಮಾಸ್ಕ್ ಮೂಗಿನ ಮೇಲೆ ಬಿಗಿಯಾಗಿ ಕೂರಬೇಕು.

ಖರೀದಿಗೆ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಎಲ್ಲ ಟೂಲ್‌ಗಳನ್ನೂ ಬೆಂಚಿನ ಮೇಲೆ ಸಾಲಾಗಿ ಇಡಿ. ಒಂದೊಂದರ ಧೂಳು ಹೊರಬರುವ ಮೂತಿಯನ್ನು ಕ್ಯಾಲಿಪರ್‌ನಿಂದ ಅಳೆಯಿರಿ, ಒಳಗಿನ ಅಳತೆ, ಹೊರಗಿನ ಅಳತೆ ಎರಡೂ. ಒಂದೇ ಕಂಪನಿಯ ಎರಡು ಟೂಲ್‌ಗೂ ಬೇರೆ ಬೇರೆ ಅಳತೆ ಇರಬಹುದು. ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯವರಿಗೆ ಆ ಚೀಟಿ ತೋರಿಸಿ, ಯಾವ ಯಾವ ಅಡಾಪ್ಟರ್ ಬೇಕು ಅಂತ ಆಗಲೇ ಕೇಳಿ. ಮತ್ತೆ, ಒಂದು ಟಾರ್ಚ್ ಜೊತೆಗಿರಲಿ.