ಲೈಟ್ ಆರಿಸಿದ ಮೇಲೇ ಮಕ್ಕಳಿಗೆ ಪ್ರಶ್ನೆ ಯಾಕೆ ಹುಟ್ಟುತ್ತೆ?

ರಾತ್ರಿ ಹತ್ತೂಕಾಲು. ಕಥೆ ಎರಡಾಯ್ತು, ನೀರು ಕುಡಿದಾಯ್ತು, ಸುಸ್ಸೂ ಆಯ್ತು. ಲೈಟ್ ಆರಿಸಿದ ತಕ್ಷಣ ನನ್ನ ನಾಲ್ಕು ವರ್ಷದ ಮಗಳು: "ಅಪ್ಪಾ, ಮೀನಿಗೆ ಕಣ್ಣುರೆಪ್ಪೇನೇ ಇಲ್ವಲ್ಲ, ಅದು ಮಲಗಿದೆ ಅಂತ ಅದರಮ್ಮಂಗೆ ಹೇಗೆ ಗೊತ್ತಾಗುತ್ತೆ?"

ಹಗಲೆಲ್ಲ ಎಲ್ಲಿತ್ತಮ್ಮಾ ಈ ಪ್ರಶ್ನೆ?

ಬೇಸಿಕ್ಸ್ ಬೇಗ ಮುಗಿಸ್ತೀನಿ. ಮೂರರಿಂದ ಐದು ವರ್ಷದ ಮಕ್ಕಳಿಗೆ, ಮಧ್ಯಾಹ್ನದ್ದೂ ಸೇರಿ, 10ರಿಂದ 13 ಗಂಟೆ ನಿದ್ದೆ ಬೇಕು. ಕತ್ತಲಾದ್ಮೇಲೆ ಮೆಲಟೋನಿನ್ ಅನ್ನೋ ಹಾರ್ಮೋನ್ ಏರಿ "ರಾತ್ರಿಯಾಯ್ತು" ಅಂತ ಮೈಗೆ ಸುದ್ದಿ ಮುಟ್ಟಿಸುತ್ತೆ. ಸಾಕು.

ಈಗ ನನ್ನ ತಲೆ ಕೆಡಿಸಿದ ವಿಷಯ. ಅಮೆರಿಕದ ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗ. ಇವರು ಮಕ್ಕಳ ಮನೆಗಳನ್ನೇ ಗುಹೆ ಮಾಡಿಬಿಟ್ರು! ಕಿಟಕಿಗೆ ಕಪ್ಪು ಪ್ಲಾಸ್ಟಿಕ್, ಒಳಗೆ ಮಂಕು ಬಲ್ಬು. 10 ಮಕ್ಕಳು. ಆಗಾಗ ಹತ್ತಿ ಜಗಿಸಿ, ಜೊಲ್ಲಿನಲ್ಲಿ ಮೆಲಟೋನಿನ್ ಅಳೆಯೋದು. (ನಮ್ಮನೇಲಿ ಒಂದು ಚಮಚ ಟಾನಿಕ್ ಕುಡಿಸೋಕೇ ಮೂರು ಜನ ಬೇಕು.) ಒಂದು ಸಂಜೆ ಮಬ್ಬಲ್ಲೇ ಇಟ್ರು. ಇನ್ನೊಂದು ಸಂಜೆ, ಮಲಗೋ ಮುಂಚಿನ ಒಂದು ಗಂಟೆ, ಕೆಳಗಿಂದ ಬೆಳಕು ಬರೋ ಟೇಬಲ್ ಮೇಲೆ ಬಣ್ಣ ತುಂಬೋಕೆ ಕೂರಿಸಿದ್ರು. ಮೆಲಟೋನಿನ್ 88% ಇಳೀತು! ಲೈಟ್ ಆರಿಸಿ 50 ನಿಮಿಷ ಆದ್ರೂ ಬಹುತೇಕ ಮಕ್ಕಳಲ್ಲಿ ಅದು ಸರಿಯಾಗಿ ಏರಿರಲಿಲ್ಲ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ನಮಗಿಂತ ಜಾಸ್ತಿ ಬೆಳಕು ಒಳಗೆ ಹೋಗುತ್ತೆ.

"ನಮ್ಮನೆ ಟ್ಯೂಬ್‌ಲೈಟ್ ಅಷ್ಟು ಪ್ರಖರ ಇಲ್ಲ ಬಿಡಿ" ಅಂದ್ರಾ? ನಾನೂ ಹಾಗೇ ಅಂದುಕೊಂಡೆ. 2022ರಲ್ಲಿ ಅಲ್ಲಿನವರೇ ಬೇರೆ ಮಕ್ಕಳ ಮೇಲೆ ಮಂದ ಬೆಳಕನ್ನೂ ಪರೀಕ್ಷಿಸಿದ್ರು. ಆಗಲೂ ಸರಾಸರಿ 78% ಇಳಿಕೆ.

ಅಂದ್ರೆ ಹತ್ತು ಗಂಟೆತನಕ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕುಣಿಸಿ, ಟಪ್ ಅಂತ ಸ್ವಿಚ್ ಒತ್ತಿ "ಮಲ್ಕೋ!" ಅಂತ ಗದರೋನು ನಾನೇ. ಅವಳ ಮೈಗಿನ್ನೂ ರಾತ್ರಿಯೇ ಆಗಿಲ್ಲ. ಆಡೋಕೆ ಏನೂ ಕಾಣ್ತಿಲ್ಲ. ಪಕ್ಕದಲ್ಲಿ ಅಪ್ಪ, ಅಪ್ಪನ ಫೋನ್ ಚಾರ್ಜಿಗಿದೆ. ಮೀನಿನ ವಿಚಾರ ಕೇಳೋಕೆ ಇಡೀ ದಿನದಲ್ಲಿ ಇದಕ್ಕಿಂತ ಒಳ್ಳೇ ಹೊತ್ತು ಸಿಕ್ಕಿತ್ತಾ ಪಾಪ?

ಟೈಮ್ ಆಗೋಯ್ತು, ಉಳಿದದ್ದು ಒಂದೇ ಉಸಿರಿಗೆ: ಊಟ ಆದ್ಮೇಲೆ ಜೀರೋ ಬಲ್ಬ್, ಟಿವಿ ಬಂದ್, ದಿನಾ ಒಂದೇ ಹೊತ್ತಿಗೆ ಹಾಸಿಗೆ. ಇನ್ನೊಂದು, 1999ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ ಉಪಾಯ: ಮಗೂಗೆ ಒಂದು ಚೀಟಿ. ಅದನ್ನ ಕೊಟ್ಟು ಒಂದೇ ಒಂದು ಸಲ ಎದ್ದು ಬಂದು ಬೇಕಾದ್ದು ಕೇಳಬಹುದು, ಆಮೇಲೆ ಇಲ್ಲ.

ನಾವು ಹಳೇ ಬಸ್ ಟಿಕೆಟ್ ಕೊಟ್ವಿ. ಎರಡು ರಾತ್ರಿ ಚೆನ್ನಾಗೇ ನಡೀತು. ಮೂರನೇ ರಾತ್ರಿ ಅದನ್ನ ಮಧ್ಯಕ್ಕೆ ಹರಿದು ತಂದ್ಳು: "ಅಪ್ಪಾ, ಈಗ ಎರಡಿದೆ."