ತಮ್ಮಾ, ಮೊದಲು ಪಾಲು ಮಾಡು

ನಮಸ್ಕಾರ, ದಾವಣಗೆರೆಯಿಂದ ನಿಮ್ಮ ರೂಟರ್ ಅಂಕಲ್. ಈ ಹೆಸರು ನಮ್ಮ ಪಿಜಿ ಹುಡುಗರು ಇಟ್ಟಿದ್ದು. ನನಗೇನೂ ಬೇಜಾರಿಲ್ಲ.

ಬೇಜಾರಾಗಿದ್ದು ಹೋದ ವಿಡಿಯೋದ ಒಂದು ಕಾಮೆಂಟ್‌ಗೆ. "ಅಂಕಲ್, ಹದಿನಾರು ಜನಕ್ಕೆ 100 ಎಂಬಿಪಿಎಸ್ ಸ್ಪೀಡಿನ ಇಂಟರ್‌ನೆಟ್ ಸಾಕಾಗಲ್ಲ. 300 ಹಾಕಿಸಿ, ಜಿಪುಣತನ ಬಿಡಿ." ಜಿಪುಣ! ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಇದನ್ನು ಓದಿದೆ. ದೋಸೆ ಆರಿಹೋಯಿತು.

ತಮ್ಮಾ, ಭದ್ರಾ ನಾಲೆ ನೋಡಿದ್ದೀಯಾ? ಡ್ಯಾಮ್‌ನಿಂದ ನೀರು ಬಿಡುತ್ತಾರೆ. ಮೇಲಿನವರು ನಾಲೆಗೇ ಪಂಪ್‌ಸೆಟ್ ಇಟ್ಟು ಎಳೆದುಕೊಳ್ಳುತ್ತಾರೆ. ಮಲೇಬೆನ್ನೂರು ಕಡೆ ಕೊನೆ ಭಾಗದ ರೈತ ಗದ್ದೆ ಬದುವಿನ ಮೇಲೆ ಕಾಯುತ್ತಾ ಕೂರುತ್ತಾನೆ. ಇನ್ನೂ ಜಾಸ್ತಿ ನೀರು ಬಿಟ್ಟರೆ? ಮೇಲೆ ಇನ್ನೆರಡು ಪಂಪ್‌ಸೆಟ್ ಇಳಿಯುತ್ತವೆ, ಅಷ್ಟೇ.

ವಿದ್ಯಾನಗರದ ನಮ್ಮ ಪಿಜಿಯೂ ಅದೇ ನಾಲೆ. ಕೆಳಗಿನ ರೂಮಿನವನು ಗೇಮ್ ಡೌನ್‌ಲೋಡ್‌ಗೆ ಹಾಕಿ ಮಲಗುತ್ತಾನೆ. ಅದೇ ಹೊತ್ತಿಗೆ ಮೂರನೇ ಮಹಡಿಯವನಿಗೆ ಆನ್‌ಲೈನ್ ಇಂಟರ್‌ವ್ಯೂ. ಪಾಪ, ಸ್ಕ್ರೀನ್ ಮೇಲೆ ಅವನ ಮುಖ ಬಾಯಿ ತೆರೆದಲ್ಲೇ ನಿಂತುಬಿಟ್ಟಿತ್ತು. ಆ ಡೌನ್‌ಲೋಡ್ 100 ಇದ್ದರೆ 100 ಕುಡಿಯುತ್ತದೆ, 300 ಕೊಟ್ಟರೆ 300 ಕುಡಿಯುತ್ತದೆ. ಮೊದಲು ಪಾಲು ಮಾಡು ತಮ್ಮಾ!

ನಾನು ಮಾಡಿದ್ದು ಇಷ್ಟು. ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯದ್ದು ಒಂದು ಸಣ್ಣ ರೂಟರ್ ತಂದೆ. ಮೂರು ವೈಫೈ ಮಾಡಿದೆ: ಹುಡುಗರಿಗೆ, ಮನೆಗೆ, ನೆಂಟರಿಗೆ. ಒಂದೊಂದಕ್ಕೂ ಬೇರೆ ಐಪಿ ಸಾಲು, ಅಂದರೆ ಬೇರೆ ನೆಟ್‌ವರ್ಕ್ ವಿಳಾಸಗಳು. ಬೇರೆ ಕ್ಯೂ, ಅಂದರೆ ಡೇಟಾವನ್ನು ಸಾಲು ನಿಲ್ಲಿಸಿ ಮಿತಿಯಲ್ಲಿ ಬಿಡುವ ವ್ಯವಸ್ಥೆ. ನೆಂಟರ ವೈಫೈನಿಂದ ಮನೆಯ ಕ್ಯಾಮೆರಾ ಮುಟ್ಟದ ಹಾಗೆ ಫೈರ್‌ವಾಲ್‌ನಲ್ಲಿ ಒಂದು ರೂಲ್. ಹುಡುಗರ ಕ್ಯೂಗೆ ಪಿಸಿಕ್ಯೂ, ಅಂದರೆ ಆಗ ಎಳೆಯುತ್ತಿರುವ ಒಂದೊಂದು ಫೋನು, ಲ್ಯಾಪ್‌ಟಾಪ್‌ಗೂ ಸಮಪಾಲು ಮಾಡುವ ಕ್ಯೂ. ಒಬ್ಬನೇ ಎಳೆಯುತ್ತಿದ್ದರೆ ಗುಂಪಿನ ಪೂರ್ತಿ ಸ್ಪೀಡ್ ಅವನದ್ದು. ಹತ್ತು ಜನ ಸೇರಿದರೆ ತಾನಾಗಿಯೇ ಹತ್ತು ಪಾಲು. ಒಟ್ಟು ಮಿತಿ 100 ಇಡಬೇಡಿ, 90 ಇಡಿ. ಆಗ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಂಡುಗಳು, ಸಾಲು ನಿಲ್ಲುವುದು ಇಂಟರ್‌ನೆಟ್ ಕಂಪನಿಯ ಕಡೆ ಅಲ್ಲ, ನಿಮ್ಮ ರೂಟರ್‌ನಲ್ಲಿ, ನಿಮ್ಮ ಮಾತು ಕೇಳಿಕೊಂಡು. ಮತ್ತೆ ರೂಟರ್‌ನಲ್ಲಿರುವ ಫಾಸ್ಟ್‌ಟ್ರ್ಯಾಕ್ ಅನ್ನೋ ಅಡ್ಡದಾರಿ ರೂಲ್ ಆಫ್ ಮಾಡಿ! ಅದು ಇದ್ದರೆ ಪ್ಯಾಕೆಟ್‌ಗಳು ಕ್ಯೂಗೆ ಸಿಗದೆ ಹಿಂಬಾಗಿಲಿನಿಂದ ದಾಟಿಕೊಳ್ಳುತ್ತವೆ. ಇದು ಗೊತ್ತಾಗದೆ ನಾನು ಎರಡು ರಾತ್ರಿ ನಿದ್ದೆ ಕೆಟ್ಟಿದ್ದೇನೆ. ಆ ವಿಡಿಯೋ ಚಾನೆಲ್‌ನಲ್ಲಿದೆ, ನೋಡಿ, ಲೈಕ್ ಒತ್ತಿ.

"ಮ್ಯಾಕ್ ಅಡ್ರೆಸ್ ಹಿಡಿದು ಲಿಮಿಟ್ ಹಾಕಿ" ಅಂತ ಇನ್ನೊಬ್ಬ ಜಾಣ. ಮ್ಯಾಕ್ ಅಂದರೆ ಫೋನು ವೈಫೈಗೆ ತೋರಿಸುವ ಗುರುತಿನ ನಂಬರ್. ಸ್ವಾಮಿ, ಆಂಡ್ರಾಯ್ಡ್ 10, ಐಓಎಸ್ 14 ಬಂದ ಮೇಲೆ ಫೋನುಗಳು ವೈಫೈಗೆ ಸುಳ್ಳು ಮ್ಯಾಕ್ ಕೊಡುತ್ತವೆ. ಹುಡುಗ ಸೆಟ್ಟಿಂಗ್‌ನಲ್ಲಿ ಒಂದು ಸಲ ಒತ್ತಿದರೆ ಬೇರೆ ಮನುಷ್ಯ. ನೀವು ಹಳೆಯವನಿಗೆ ಲಿಮಿಟ್ ಹಾಕಿಕೊಂಡು ಕೂತಿರಿ.

ಫೋನು, ಲ್ಯಾಪ್‌ಟಾಪ್ ಎರಡೂ ಇದ್ದವನಿಗೆ ಎರಡು ಪಾಲು ಸಿಗುತ್ತಲ್ಲ ಅಂತೀರಾ? ಸಿಗಲಿ ಬಿಡಿ! ಎರಡು ಪಾಲು ತಿಂದವನಿಂದ ಯಾರೂ ಉಪವಾಸ ಬೀಳುವುದಿಲ್ಲ. ಇಡೀ ತಟ್ಟೆ ಮಂಡಕ್ಕಿ ಮಡಿಲಿಗೆ ಸುರಿದುಕೊಂಡನಲ್ಲ, ನಾನು ಅವನ ಬಗ್ಗೆ ಹೇಳುತ್ತಿರುವುದು. ಅವನಿಗೆ ನೀವು ದೊಡ್ಡ ತಟ್ಟೆ ತಂದುಕೊಡಿ ಅಂತಿದ್ದೀರಿ. ಜೊತೆಗೆ ಮಿರ್ಚಿನೂ ಕೊಡಲಾ?

300 ಅಂತೆ. ಸಾವಿರ ಹಾಕಿಸು! ಹತ್ತು ಸಾವಿರ ಹಾಕಿಸು! ಭದ್ರಾ ಡ್ಯಾಮೇ ತಂದು ಮನೆ ಮುಂದೆ ಇಡು! ಪಾಲು ಮಾಡದಿದ್ದರೆ ಕುಡಿಯೋನು ಅವನೊಬ್ಬನೇ. ಮೊದಲು ಪಾಲು ಮಾಡು, ಪಾಲು!

ಹಾಂ, ನಮ್ಮ ಮನೆಯವರ ಫೋನಿಗೆ ಮಾತ್ರ ಯಾವ ಲಿಮಿಟ್ಟೂ ಇಲ್ಲ. ಅದರ ಬಗ್ಗೆ ದಯವಿಟ್ಟು ಯಾರೂ ಕಾಮೆಂಟ್ ಹಾಕಬೇಡಿ.

ಸಬ್‌ಸ್ಕ್ರೈಬ್ ಆಗಿ. ಈಗ ಈ ವಿಡಿಯೋ ಅಪ್‌ಲೋಡ್ ಆಗಬೇಕು. ಹುಡುಗರೇ, ಅರ್ಧ ಗಂಟೆ ನಿಮ್ಮ ಪಾಲು ಸ್ವಲ್ಪ ಕಮ್ಮಿ ಮಾಡುತ್ತಿದ್ದೇನೆ. ಯಾರೂ ಕೆಳಗೆ ಬಂದು ಬಾಗಿಲು ಬಡಿಯಬೇಡಿ.