ಪೋರ್ಟಲ್ ಬಂತು, ಜವಾಬ್ದಾರಿ ಯಾರದು?

[ಪರದೆ: ಭೂತರಾಮನಹಟ್ಟಿ ಬಸ್ ನಿಲ್ದಾಣ, ಕೈಯಲ್ಲಿ ಫೈಲ್ ಹಿಡಿದ ವಿದ್ಯಾರ್ಥಿಗಳು]

ನಮಸ್ಕಾರ್ರೀ. ಬೆಳಗಾವಿ ಕಡೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ ಡಿಗ್ರಿ ಓದುವವರಿಗೆ ಈ ಗೋಳು ಹೊಸದೇನಲ್ಲ. ರಿಸಲ್ಟ್ ಬಂದಿರುತ್ತದೆ, ಒಂದು ವಿಷಯದ ಇಂಟರ್ನಲ್ ಮಾರ್ಕ್ಸ್ ಮಾತ್ರ ಕಾಣುವುದಿಲ್ಲ. ಕಾಲೇಜಿನಲ್ಲಿ ಕೇಳಿದರೆ "ನಾವು ಎಂಟ್ರಿ ಮಾಡಿದ್ದೇವೆ, ಯೂನಿವರ್ಸಿಟಿಗೆ ಹೋಗಿ" ಅನ್ನುತ್ತಾರೆ. ಅಲ್ಲಿ ಹೋದರೆ "ಪೋರ್ಟಲ್‌ನವರು ಸರಿ ಮಾಡಬೇಕು" ಅನ್ನುತ್ತಾರೆ. ಅಥಣಿಯಿಂದ ನೂರು ಕಿಲೋಮೀಟರಿಗೂ ಜಾಸ್ತಿ ದೂರ ಬಂದ ಹುಡುಗಿ ಏನು ಮಾಡಬೇಕು?

ಪೋರ್ಟಲ್ ಅಂದರೆ ಯುಯುಸಿಎಂಎಸ್ ಎಂಬ ರಾಜ್ಯ ಸರ್ಕಾರದ ವೆಬ್‌ಸೈಟ್. 2021ರಲ್ಲಿ ಬಂತು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ಅರ್ಜಿ, ಮಾರ್ಕ್ಸ್ ಎಂಟ್ರಿ, ಫಲಿತಾಂಶ ಎಲ್ಲಾ ಒಂದೇ ಕಡೆ ಆಗಲಿ ಎಂಬ ಯೋಚನೆ. ಒಳ್ಳೆಯ ಯೋಚನೆಯೇ.

[ಪರದೆ: ಕುಲಪತಿ, ಕುಲಸಚಿವ, ಮೌಲ್ಯಮಾಪನ ಕುಲಸಚಿವ]

ಆದರೆ 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ವಿಶ್ವವಿದ್ಯಾಲಯ ನಡೆಸುವ ಹೊಣೆ ಕುಲಪತಿಯದು. ಅವಧಿ 4 ವರ್ಷ. ಸಾಫ್ಟ್‌ವೇರ್ ಮಾತ್ರ ರಾಜ್ಯ ಮಟ್ಟದ್ದು, ಅದನ್ನು ತಿದ್ದುವ ಅಧಿಕಾರ ಅವರ ಕೈಯಲ್ಲಿಲ್ಲ. ಅದರ ಮೇಲೆ ನಿಯಮಗಳೂ ಬದಲಾದವು: ಪೋರ್ಟಲ್ ಬಂದ ವರ್ಷವೇ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ 4 ವರ್ಷದ ಡಿಗ್ರಿ ಪದ್ಧತಿ ಬಂತು, 2024ರಲ್ಲಿ ಮತ್ತೆ 3 ವರ್ಷದ ಡಿಗ್ರಿಗೆ ವಾಪಸ್ ಆಯಿತು, ಹಾಗಾಗಿ ಒಂದೇ ಪರೀಕ್ಷಾ ವಿಭಾಗ ಸೀನಿಯರ್‌ಗಳಿಗೆ ಒಂದು ಲೆಕ್ಕ, ಜೂನಿಯರ್‌ಗಳಿಗೆ ಇನ್ನೊಂದು ಲೆಕ್ಕ ಇಟ್ಟುಕೊಂಡು ಓಡಬೇಕಾಯಿತು.

ಮೊದಲು ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಬೇರೆ ವಿಶ್ವವಿದ್ಯಾಲಯವೂ ಆಗಿದೆ. ಹೀಗೆ ಪಾಲಾದಾಗ ಹಳೆಯ ಬ್ಯಾಚಿನ ದಾಖಲೆ ಯಾರ ಹತ್ತಿರ ಇರಬೇಕು ಅಂತ ಮೊದಲ ದಿನವೇ ತೀರ್ಮಾನ ಆಗಬೇಕು. ಅದನ್ನು ಗುಮಾಸ್ತರ ತಲೆಗೆ ಕಟ್ಟಬಾರದು.

ಇದೇ ಬೆಳಗಾವಿಯ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನೋಡಿ. ಉತ್ತರ ಪತ್ರಿಕೆ ಸ್ಕ್ಯಾನ್ ಆಗುತ್ತದೆ, ಮೌಲ್ಯಮಾಪಕರು ಪರದೆಯ ಮೇಲೆ ನೋಡಿ ಅಂಕ ಕೊಡುತ್ತಾರೆ. ಅಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಆದರೆ ವ್ಯವಸ್ಥೆ ಅವರದ್ದೇ. ತಪ್ಪಾದರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ.

ಹಾಗಾದರೆ ಪೋರ್ಟಲ್ ತನ್ನದಲ್ಲದ ಕುಲಪತಿ ಕೈಕಟ್ಟಿ ಕೂರಬೇಕಾ? ಖಂಡಿತ ಇಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದೇ ಇಲ್ಲಿ. ಆನ್‌ಲೈನ್ ಅರ್ಜಿ ಹಾಕಿದ ಮೇಲೆ ಪ್ರಿಂಟ್ ತೆಗೆದು, ಪ್ರಿನ್ಸಿಪಾಲರ ಸಹಿ, ಸೀಲ್ ಹಾಕಿಸಿ, "ಹಾರ್ಡ್ ಕಾಪಿನೂ ಕೊಡಿ" ಅಂತ ಎಷ್ಟೋ ಕಡೆ ಕೇಳುತ್ತಾರಲ್ಲ, ಅದನ್ನು ಯಾವ ಸಾಫ್ಟ್‌ವೇರೂ ಕೇಳುತ್ತಿಲ್ಲ. ಒಂದು ಸುತ್ತೋಲೆ ಸಾಕು, ನಿಲ್ಲಿಸಬಹುದು. ಯಾಕೆ ನಿಲ್ಲುವುದಿಲ್ಲ ಅಂದರೆ, ನಾಳೆ ಆಡಿಟ್ ಬಂದರೆ ಅಂತ ಕೆಳಗಿನವರಿಗೆ ಭಯ. "ಕಾಗದ ಇಲ್ಲದಿದ್ದರೂ ಹೊಣೆ ನನ್ನದು" ಅಂತ ಮೇಲಿನವರು ಬರೆದು ಕೊಟ್ಟರೆ ಆ ಭಯ ಹೋಗುತ್ತದೆ. ನಾಯಕತ್ವ ಬೇಕಾಗಿರುವುದು ಆ ಒಂದು ಸಹಿಗೆ.

ಇನ್ನು ಜನರ ವಿಷಯ. ಎಷ್ಟೋ ಕಾಲೇಜುಗಳು ನಡೆಯುವುದೇ ಅತಿಥಿ ಉಪನ್ಯಾಸಕರಿಂದ. ಅವರು ವರ್ಷದ ನಡುವೆ ಬಿಟ್ಟುಹೋದರೆ ಅವರ ಮಾರ್ಕ್ಸ್ ಎಂಟ್ರಿ ಯಾರು ಮಾಡಬೇಕು? ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಹೋದರೆ ಕೆಲಸ ಕಲಿತವರು ಯಾರೂ ಉಳಿಯುವುದಿಲ್ಲ, ಅಲ್ವಾ? ಪ್ರತಿ ಕೆಲಸಕ್ಕೂ ಇಬ್ಬರಿಗೆ ತರಬೇತಿ ಕೊಡಿ, ಅದರಲ್ಲಿ ಒಬ್ಬರಾದರೂ ಕಾಯಂ ನೌಕರರಾಗಿರಲಿ.

[ಪರದೆ: ಸಿಂಡಿಕೇಟ್ ಸಭೆಯ ಖಾಲಿ ಕುರ್ಚಿಗಳು]

ಸಿಂಡಿಕೇಟ್ ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ಅದರ ಮುಂದಿನ ಸಭೆಯಲ್ಲಿ ಹೊಸ ಕಟ್ಟಡಕ್ಕಿಂತ ಮೊದಲು ಈ ಲೆಕ್ಕ ಮೇಜಿನ ಮೇಲೆ ಬರಲಿ: ಅಂಕಪಟ್ಟಿ ಬಗ್ಗೆ ಎಷ್ಟು ದೂರು ಬಂದವು, ಎಷ್ಟು ದಿನದಲ್ಲಿ ಬಗೆಹರಿದವು, ಬಗೆಹರಿಯದವು ಯಾವ ಅಧಿಕಾರಿಯ ಹತ್ತಿರ ನಿಂತಿವೆ.